ಡ್ರ್ಯಾಗನ್ ಕ್ವೆಸ್ಟ್ 3: ಹಳೇದಾ, ರೀಮೇಕಾ? ಯಾವುದರಿಂದ ಶುರು ಮಾಡ್ಲಿ?

ಸ್ಲೈಮ್_ಸಾಗರ

ಎಲ್ಲರಿಗೂ ನಮಸ್ಕಾರ. ಸೇಲ್‌ನಲ್ಲಿ ಜಪಾನಿನ ವಿಡಿಯೋ ಗೇಮ್ ಡ್ರ್ಯಾಗನ್ ಕ್ವೆಸ್ಟ್ 3ರ ಎಚ್‌ಡಿ-2ಡಿ ರೀಮೇಕ್ (ಹೊಸ ಚಿತ್ರಗಳ ಹೊಸ ರೂಪ) ತಗೊಂಡೆ, ಇನ್ನೂ ಇನ್‌ಸ್ಟಾಲ್ ಮಾಡಿಲ್ಲ. ಈ ಸರಣಿಯಲ್ಲಿ ಇದುವರೆಗೆ ಆಡಿರೋದು 11 ಒಂದೇ. ಒಬ್ಬ ಗೆಳೆಯ "ಮೊದಲು 1 ಆಡು, ಆಮೇಲೆ 3 ಮುಟ್ಟು" ಅಂತಾನೆ. ಇನ್ನೊಬ್ಬ "ಕಥೆಯ ಕಾಲಕ್ಕೆ 3 ಮೊದಲು ಬರುತ್ತೆ, ಕಂಪನಿಯವರೇ ರೀಮೇಕಲ್ಲಿ 3 ಮೊದಲು ಬಿಟ್ಟು ಆಮೇಲೆ 1-2 ಬಿಟ್ಟಿದ್ದಾರೆ, ನಿಂದೇನು ತಕರಾರು" ಅಂತಾನೆ. ಇದರ ಮಧ್ಯೆ ಫೋನ್‌ನಲ್ಲಿ ಸಿಗೋ ಹಳೇ ರೂಪ ಸಾಕು ಅನ್ನೋರು ಬೇರೆ. ಕಥೆ ಬಿಟ್ಟುಕೊಡದೆ ಯಾರಾದ್ರೂ ಹೇಳ್ತೀರಾ?

ಹಳೇಕ್ಯಾಸೆಟ್

ಕಥೆ ಬಿಟ್ಟುಕೊಡದೆ ಹೇಳೋದಾದ್ರೆ: ಮೊದಲು 1 ಆಡಿ. ಫೋನಿನದ್ದೇ ಸಾಕು, ಪಟ್ಟು ಹಿಡಿದು ಕೂತ್ರೆ ಒಂದು ಶನಿವಾರ-ಭಾನುವಾರದಲ್ಲಿ ಮುಗಿಯುತ್ತೆ. ಅದರಲ್ಲಿ ಜೊತೆಗಾರರಿಲ್ಲ, ಹೀರೊ ಒಬ್ಬನೇ. ಆಲೆಫ್‌ಗಾರ್ಡ್ ಅನ್ನೋ ನಾಡು. ಶುರುವಾಗೋ ಟಾಂಟಗೆಲ್ ಕೋಟೆಯಿಂದ ಹೊರಗೆ ಕಾಲಿಟ್ಟರೆ ನೀರಿನ ಆಚೆ ಶತ್ರುವಿನ ಕೋಟೆ ಎದುರಿಗೇ ಕಾಣುತ್ತೆ, ಆದ್ರೆ ಅಲ್ಲಿಗೆ ಹೋಗೋಕೆ ಇಡೀ ನಾಡು ಸುತ್ತಬೇಕು. ಆ ಭೂಪಟ ಮನಸ್ಸಲ್ಲಿ ಕೂರಲಿ. ಆಮೇಲೆ 3ಕ್ಕೆ ಬನ್ನಿ. ಯಾಕೆ ಅಂತ ಈಗ ಕೇಳ್ಬೇಡಿ.

ಬೆಣ್ಣೆದೋಸೆ64

ಸಾಗರ್ ಅವ್ರೇ, ಇವರ ಮಾತು ಕೇಳಿದ್ರೆ ನೀವು 3 ಆಡೋದೇ ಇಲ್ಲ. 1986ರ ಆಟ ಅದು. ಮೂಲದಲ್ಲಿ ಮೆಟ್ಟಿಲು ಹತ್ತೋಕೂ ಮೆನು ತೆಗೆದು "ಮೆಟ್ಟಿಲು" ಅಂತ ಆರಿಸಬೇಕಿತ್ತು, ಗೊತ್ತಾ? ಊರಿನವರನ್ನ ಮಾತಾಡಿಸೋಕೆ ಯಾವ ದಿಕ್ಕು ಅಂತ ಬೇರೆ ಕೇಳ್ತಿತ್ತು. ದುಡ್ಡು ಕೊಟ್ಟು ರೀಮೇಕ್ ತಗೊಂಡಿದ್ದೀರ, ಅದನ್ನೇ ಹಾಕಿ ಆಡಿ. ಯುದ್ಧದ ವೇಗ ಹೆಚ್ಚಿಸಬಹುದು, ಜೊತೆಗಾರರಿಗೆ "ನೀವೇ ನೋಡ್ಕೊಳ್ಳಿ" ಅಂತ ಬಿಡಬಹುದು, ಲೆವೆಲ್ ಏರಿದ ತಕ್ಷಣ ಎಚ್‌ಪಿ-ಎಂಪಿ (ಜೀವ, ಮಂತ್ರಶಕ್ತಿ) ಪೂರ್ತಿ ತುಂಬುತ್ತೆ. ಎರಡು ಹೆಜ್ಜೆಗೊಂದು ಸಲ ಇನ್‌ಗೆ (ಛತ್ರಕ್ಕೆ) ಓಡೋ ಕಷ್ಟ ಇಲ್ಲ.

ಹಳೇಕ್ಯಾಸೆಟ್

ಮೆಟ್ಟಿಲಿನ ಕಥೆ ನಿಜ, ಆದ್ರೆ ಅದು ಫ್ಯಾಮಿಕಾಮ್ ಅನ್ನೋ 80ರ ದಶಕದ ನಿಂಟೆಂಡೋ ಟಿವಿ ಗೇಮ್ ಪೆಟ್ಟಿಗೆಯ ಕ್ಯಾಸೆಟ್ಟಿನದು. ನಾನು ಹೇಳಿದ ಫೋನ್ ಆವೃತ್ತಿಯಲ್ಲಿ ಅದ್ಯಾವುದೂ ಇಲ್ಲ. ಹೊಸಬರನ್ನ ಹೆದರಿಸೋದಕ್ಕೂ ಒಂದು ಮಿತಿ ಇರ್ಲಿ ದೋಸೆ.

ಗದಗ_ಗೋಲೆಮ್

ಏನ್ರೀ, ಮೊದ್ಲನೇ ಪುಟದಾಗ ಜಗಳಾ ಹಚ್ಚಿದ್ರಿ! ನಾ ಎರಡೂ ಆಡೇನಿ. ರೀಮೇಕ್ ನೋಡಾಕ ಭಾಳ ಛಲೋ ಐತಿ, ಅದ್ರಾಗ ಎರಡು ಮಾತಿಲ್ಲ. ಆದ್ರ ಒಂದು ಕೆಲಸಾ ಮಾಡ್ರಿ: ಸೆಟ್ಟಿಂಗ್ಸ್‌ನ್ಯಾಗ ಹೋಗಿ ದಾರಿ ತೋರ್ಸೋ ಗುರುತು ಆಫ್ ಮಾಡ್ರಿ. ಈ ಆಟದ ರುಚಿ ಇರೋದ ಮಂದೀನ್ನ ಮಾತಾಡ್ಸಿ ದಾರಿ ಹುಡ್ಕೋದ್ರಾಗ. ನಕಾಶೆದ ಮ್ಯಾಲೆ ಗುರುತು ಕಂಡ್ರ ನೀವು ಊರಾಗಿನ ಒಬ್ಬ ಮುದುಕನ ಮಾತೂ ಕೇಳಂಗಿಲ್ಲ, ಸೀದಾ ಅಲ್ಲಿಗೇ ಓಡ್ತೀರಿ.

ಸ್ಲೈಮ್_ಸಾಗರ

ಗುರುತು ಆಫ್ ಮಾಡಿದ್ರೆ ಪೂರ್ತಿ ಕಳೆದುಹೋಗ್ತೀನಾ? ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಆಡೋನು ನಾನು. ಹಿಂದಿನ ದಿನ ಯಾರು ಏನು ಹೇಳಿದ್ರು ಅಂತ ನೆನಪಿರಲ್ಲ.

ಗದಗ_ಗೋಲೆಮ್

ಅದಕ್ಕೂ ರೀಮೇಕಿನ್ಯಾಗ ವ್ಯವಸ್ಥಾ ಐತಿ. ಯಾರರ ಮಾತು ಮುಖ್ಯ ಅನಿಸ್ತಂದ್ರ ಅಲ್ಲೇ ಒಂದು ಬಟನ್ ಒತ್ತಿ ನೆನಪಿಟ್ಕೋಬಹುದು, ಆಮ್ಯಾಲೆ ಮೆನುದಾಗ ತಗದು ಓದಬಹುದು. ಇದು ಮಾತ್ರ ಭಾರಿ ಮಾಡ್ಯಾರ. ಗುರುತು ಬ್ಯಾಡ, ಇದು ಬೇಕು.

ಮೆಣಸಿನ_ಬಳ್ಳಿ

ದಾರಿ ಹುಡುಕೋ ಮಾತು ಬಂತಲ್ಲ, ನಮ್ಮ ಕಡೆಯವರು ನೋಡಲೇಬೇಕಾದ ಒಂದು ಭಾಗ ಹೇಳ್ತೆ. ಇದು ಆಟದ ಮೊದಲ ಅರ್ಧದೊಳಗೇ ಬರ್ತು, ದೊಡ್ಡ ಗುಟ್ಟೇನೂ ಅಲ್ಲ.

ಈ ಆಟದ ಭೂಪಟ ನಮ್ಮ ಭೂಮಿದೇ. ರೋಮ್ ಇದ್ದ ಜಾಗದಲ್ಲಿ ರೊಮಾರಿಯಾ, ಈಜಿಪ್ಟ್ ಕಡೆ ಮರಳುಗಾಡಿನ ಮಧ್ಯೆ ರಾಣಿ ಆಳುವ ಐಸಿಸ್, ಪೂರ್ವದ ತುದಿಯಲ್ಲಿ ಜಿಪಾಂಗ್, ಪಶ್ಚಿಮದಲ್ಲಿ ಪೋರ್ಚುಗಲ್ ಬದಲಿಗೆ ಪೋರ್ಟೋಗಾ. ಆ ಪೋರ್ಟೋಗಾದ ರಾಜ ನಿಮಗೆ ಹಡಗು ಕೊಡಬೇಕಾದರೆ ಏನು ಕೇಳ್ತಾ ಗೊತ್ತಿದ್ದಾ? ಚಿನ್ನ ಅಲ್ಲ, ಮಾಯದ ಕತ್ತಿ ಅಲ್ಲ. ಕಾಳುಮೆಣಸು! ಅದು ಸಿಗೋದು ಪೂರ್ವದ ಬಹರಾತಾ ಅನ್ನೋ ಊರಲ್ಲಿ. ಅಲ್ಲಿ ಪವಿತ್ರ ನದಿ ಹರೀತು, ಮೆಣಸಿನ ಅಂಗಡಿಯ ಹುಡುಗನ ಹೆಸರು ಗುಪ್ತ. ಅವನ ಹುಡುಗಿ ತಾನಿಯಾಳನ್ನ ಕಳ್ಳರು ಹೊತ್ತುಕೊಂಡು ಹೋಗಿರ್ತ, ಬಿಡಿಸಲು ಹೋದ ಇವನೂ ಸಿಕ್ಕಿಬೀಳ್ತ. ಇಬ್ಬರನ್ನೂ ಬಿಡಿಸಿಕೊಂಡು ಬಂದರೆ ಮೆಣಸು ಕೈಗೆ. ಅದನ್ನ ಒಯ್ದು ರಾಜನಿಗೆ ಕೊಟ್ಟ ಮೇಲೆ ಹಡಗು, ಹಡಗು ಸಿಕ್ಕ ಮೇಲೆ ಇಡೀ ಪ್ರಪಂಚ ತೆರೀತು.

ನಮ್ಮನೆ ಅಡಿಕೆ ತೋಟದಲ್ಲಿ ಮರಕ್ಕೊಂದು ಬಳ್ಳಿ ಇದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಹೇಳಿ ಕರೀತಿದ್ದಿದ್ದು ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಜಪಾನಿನಲ್ಲಿ ಕೂತು ಕಥೆ ಬರೆದ ಯೂಜಿ ಹೋರಿಗೆ ಗೇರುಸೊಪ್ಪೆ ಗೊತ್ತಿತ್ತು ಹೇಳಿ ಯಾನೇನೂ ವಾದ ಮಾಡ್ತಿಲ್ಲೆ. ಆದರೆ ಒಂದು ಹಿಡಿ ಮೆಣಸಿಗೆ ಹಡಗು ಕೊಡುವ ಪೋರ್ಚುಗೀಸ್ ರಾಜನನ್ನ ನೋಡಿ ನಗು ಬಂತು. ಎಂಥಕ್ಕೆ ಅಂದ್ರೆ, ಅದರಲ್ಲಿ ಸುಳ್ಳು ಎಂತದೂ ಇಲ್ಲೆ.

ಟೋಕಿಯೋ_ತಿಂಡಿಪೋತ

ಮೆಣಸಿನ ಬಳ್ಳಿ ಅವರ ಪೋಸ್ಟ್‌ಗೆ ಹತ್ತು ಲೈಕ್ ಕೊಡೋ ಬಟನ್ ಎಲ್ಲಿದೆ? ಜಿಪಾಂಗ್ ಕೂಡ ಹೀಗೇ. ಹಿಮಿಕೋ ರಾಣಿ, ಎಂಟು ತಲೆಯ ಒರೋಚಿ ಸರ್ಪಕ್ಕೆ ಬಲಿ ಕೊಡೋ ಹುಡುಗಿಯರು. ಇವೆಲ್ಲ ಜಪಾನಿನ ಮಕ್ಕಳು ಚಿಕ್ಕಂದಿನಿಂದ ಕೇಳಿದ ಹೆಸರುಗಳು. ಎರಡಕ್ಕೂ ಗಂಟು ಹಾಕಿದ ರೀತಿ ಆಟದಲ್ಲೇ ನೋಡಿ.

ನಾನು ಇಲ್ಲಿಗೆ ಕೆಲಸಕ್ಕೆ ಬಂದಮೇಲೆ ಗಮನಿಸಿದ್ದು: ನಲವತ್ತೈದು-ಐವತ್ತರ ಸಹೋದ್ಯೋಗಿಗಳ ಜೊತೆ ಮಾತು ಶುರು ಮಾಡೋಕೆ ಕ್ರಿಕೆಟ್ ಉಪಯೋಗಕ್ಕೆ ಬರಲ್ಲ, "ಡ್ರಾಕ್ವೆ 3" ಬರುತ್ತೆ. 1988ರ ಫೆಬ್ರುವರಿ 10, ಬುಧವಾರ ಬಿಡುಗಡೆ. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಕ್ಯಾಸೆಟ್ ಖಾಲಿ. ಅಂಗಡಿ ಮುಂದೆ ಸಾಲು, ಸಾಲಲ್ಲಿ ಶಾಲೆಗೆ ಚಕ್ಕರ್ ಹೊಡೆದ ಮಕ್ಕಳು, ಅವರನ್ನ ಹಿಡಿಯೋಕೆ ಪೊಲೀಸರು. ಇದು ಆಗ ಸುದ್ದಿಯಾಗಿತ್ತು.

ಬೆಣ್ಣೆದೋಸೆ64

ಹೌದು ಹೌದು, ಅದಾದ್ಮೇಲೆ ಡ್ರ್ಯಾಗನ್ ಕ್ವೆಸ್ಟ್‌ನ ವಾರದ ದಿನ ಬಿಡುಗಡೆ ಮಾಡಬಾರದು ಅಂತ ಜಪಾನ್ ಸರ್ಕಾರ ಕಾನೂನೇ ಮಾಡ್ತು.

ಟೋಕಿಯೋ_ತಿಂಡಿಪೋತ

ಇಲ್ಲ ಮಾರಾಯ. ಅಂಥ ಕಾನೂನು ಇಲ್ಲವೇ ಇಲ್ಲ, ಇಂಟರ್‌ನೆಟ್ಟಲ್ಲಿ ಸುತ್ತೋ ಪುಂಗಿ ಅದು. ಆಟ ಬಿಡುಗಡೆ ಮಾಡ್ತಿದ್ದ ಎನಿಕ್ಸ್ ಕಂಪನಿಯೇ ಮುಂದಿನ ಆಟಗಳನ್ನ ರಜಾ ದಿನಕ್ಕೆ ತಂದಿತು. 4ನೇದು 1990ರ ಫೆಬ್ರುವರಿ 11, ಭಾನುವಾರ. ನೀನು ಆಡ್ತಿರೋ ರೀಮೇಕ್ ಬಂದಿದ್ದು 2024ರ ನವೆಂಬರ್ 14, ಗುರುವಾರ. ಕಾನೂನಿದ್ದಿದ್ರೆ ಹೇಗೆ ಬಿಡ್ತಿದ್ರು?

ನಿರ್ವಾಹಕ

ಇಲ್ಲಿಂದ ಕೆಳಗೆ ಕಥೆಯ ಕೊನೆಯ ಭಾಗ ಚರ್ಚೆಯಾಗುತ್ತೆ ಅಂತ ಹಳೇಕ್ಯಾಸೆಟ್ ಮುಂಚೆಯೇ ಮೆಸೇಜ್ ಹಾಕಿದ್ದಾರೆ. ಸ್ಲೈಮ್_ಸಾಗರ ಮತ್ತು ಇನ್ನೂ ಆಡದವರು ಇಲ್ಲೇ ಇಳ್ಕೊಳ್ಳಿ. ಇದನ್ನ ದಾಟಿ ಓದಿ ಆಮೇಲೆ ನನಗೆ ಬೈಯಬೇಡಿ.

ಹಳೇಕ್ಯಾಸೆಟ್

ಧನ್ಯವಾದ ಸ್ವಾಮಿ. ಈಗ ಹೇಳ್ತೀನಿ, 1 ಯಾಕೆ ಮೊದಲು ಆಡಬೇಕು ಅಂತ.

3ರಲ್ಲಿ ರಾಕ್ಷಸರ ದೊರೆ ಬರಾಮೋಸ್‌ನ ಕೊಂದು ಊರಿಗೆ ಬರ್ತೀರ. ರಾಜನ ಆಸ್ಥಾನದಲ್ಲಿ ಸಂಭ್ರಮ, ತುತ್ತೂರಿ. ಆಟ ಮುಗೀತು ಅನ್ನೋವಷ್ಟರಲ್ಲಿ ಅವನಿಗೂ ಮೇಲಿನ ಶತ್ರು ಝೋಮಾನ ದನಿ ಕೇಳುತ್ತೆ, ತುತ್ತೂರಿ ಊದೋರೆಲ್ಲ ಅಲ್ಲೇ ಭಸ್ಮ. ನೀವು ಗಿಯಾಗಾ ಗುಂಡಿಗೆ ಹಾರ್ತೀರ. ಕೆಳಗೆ ಬೇರೆಯೇ ಲೋಕ, ಸೂರ್ಯ ಹುಟ್ಟದ ಲೋಕ. ದೋಣಿ ಹತ್ತಿ, ಕತ್ತಲೆಯಲ್ಲಿ ದಡ ಸೇರಿ, ನಾಲ್ಕು ಹೆಜ್ಜೆ ನಡೀತೀರ. ಕಿವಿಗೆ ಬೀಳೋದು 1ನೇ ಆಟದ ಆ ಒಂಟಿ ರಾಗ. ಎದುರಿಗೆ ಇರೋ ಕೋಟೆ ಟಾಂಟಗೆಲ್. ನೀರಿನಾಚೆ ಅದೇ ಜಾಗದಲ್ಲಿ ಶತ್ರುವಿನ ಕೋಟೆ. ಇದು ಆಲೆಫ್‌ಗಾರ್ಡ್! ಇಷ್ಟು ಹೊತ್ತು ನೀವು ಆಡಿದ್ದು ಮುಂದುವರಿದ ಭಾಗ ಅಲ್ಲ, ಎಲ್ಲಕ್ಕೂ ಹಿಂದಿನ ಕಥೆ. 1ರಲ್ಲಿ "ಹಿಂದೊಮ್ಮೆ ಎರ್ಡ್ರಿಕ್ ಅನ್ನೋ ವೀರ ಬೆಳಕು ತಂದ" ಅಂತ ಕೇಳಿದ್ರಲ್ಲ, ಆ ವೀರ ಯಾರೋ ಅಲ್ಲ, ನೀವೇ. 1ರಲ್ಲಿ ನೀವು ಹುಡುಕಾಡಿದ ಅವನ ಕತ್ತಿ, ಕವಚ ಎಲ್ಲಾ ಇಲ್ಲಿ ನೀವು ಬಿಟ್ಟು ಹೋದದ್ದು.

ಅಲ್ಲಿಗೆ ಬರೋವರೆಗೂ ಇದನ್ನ ಎಲ್ಲೂ ಬಾಯಿಬಿಡಲ್ಲ. 1 ಆಡದವನಿಗೆ ಅದು ಬರೀ ಇನ್ನೊಂದು ಕತ್ತಲೆ ಲೋಕ. ಆಡಿದವನಿಗೆ ಮೈ ಜುಮ್ಮೆನ್ನುತ್ತೆ. ಎಷ್ಟೇ ಸಲ ರೀಮೇಕ್ ಮಾಡಲಿ, ಈ ಒಂದನ್ನ ಮಾತ್ರ ಆಟದೊಳಗೆ ತುಂಬಿ ಕೊಡೋಕಾಗಲ್ಲ. ಆಡೋನೇ ಹೊತ್ತು ತರಬೇಕು.

ಟೋಕಿಯೋ_ತಿಂಡಿಪೋತ

ಇದಕ್ಕೆ ಒಂದು ಲೆಕ್ಕ ಸೇರಿಸ್ತೀನಿ. 1 ಬಂದಿದ್ದು 1986ರ ಮೇ 27. 2 ಬಂದಿದ್ದು 1987ರ ಜನವರಿ 26. ಮೂರನೇದರ ಹೊತ್ತಿಗೆ ಮೊದಲನೇದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಐದನೇ ಕ್ಲಾಸಲ್ಲಿ 1 ಆಡಿದ ಹುಡುಗ ಆರನೇ ಕ್ಲಾಸ್ ಮುಗಿಯೋದರೊಳಗೆ 3ರ ಗುಂಡಿಗೆ ಹಾರಿದ. ಆ ಭೂಪಟ ಅವನಿಗೆ ಅಂಗೈ ರೇಖೆ. ಇವತ್ತು ನಮಗೆ ಆ ನೆನಪಿಲ್ಲ, ಅದಕ್ಕೇ ಹಳೇಕ್ಯಾಸೆಟ್ ಹೇಳೋ ಕ್ರಮ ಸರಿ.

ಬೆಣ್ಣೆದೋಸೆ64

ನನ್ನ ವಾದ ಬೇರೆ. ನಾನು 3 ಮೊದಲು ಆಡಿ, 2025ರ ಅಕ್ಟೋಬರ್‌ನಲ್ಲಿ 1-2 ರೀಮೇಕ್ ಬಂದಾಗ ಅದನ್ನ ಆಡಿದೆ. ನನಗೆ ಟಾಂಟಗೆಲ್‌ನಲ್ಲಿ ಜುಮ್ಮೆನ್ನಲಿಲ್ಲ, ಒಪ್ತೀನಿ. ಆದ್ರೆ 1ರಲ್ಲಿ ಪ್ರತಿಯೊಬ್ಬರೂ "ಎರ್ಡ್ರಿಕ್ ಹಾಗಿದ್ದ, ಹೀಗಿದ್ದ" ಅಂದಾಗ ಒಳಗೊಳಗೇ ನಗ್ತಿದ್ದೆ. ಅವನು ನನ್ನ ಹುಡುಗ! ಅವನ ಜೊತೆ ಮೈತುಂಬ ಗೆಜ್ಜೆ ಕಟ್ಟಿಕೊಂಡು ಕುಣಿಯೋ ಗ್ಯಾಡಬೌಟ್ (ವಿದೂಷಕ) ಒಬ್ಬ ಇದ್ದ ಅಂತ ಈ ಊರಿನವರಿಗೆ ಯಾರಿಗೂ ಗೊತ್ತಿಲ್ಲ! ನಿಮಗೆ ಸಿಕ್ಕಿದ್ದು ಬೆರಗು, ನನಗೆ ಸಿಕ್ಕಿದ್ದು ಗುಟ್ಟು. ಯಾವುದು ದೊಡ್ಡದು ಅಂತ ಹೇಗೆ ಹೇಳ್ತೀರ?

ಹಳೇಕ್ಯಾಸೆಟ್

ಈ ಮಾತು ಚೆನ್ನಾಗಿದೆ. ಒಪ್ಪಲ್ಲ, ಆದ್ರೂ ಚೆನ್ನಾಗಿದೆ.

ಡೇಟಾ_ಮಂಗಳಾರತಿ

ನೀವೆಲ್ಲ ಕಥೆ ಮಾತಾಡ್ತಿದ್ದೀರ, ಅದು ಕೂತ ಜಾಗ ಎಷ್ಟು ಅಂತ ಯಾರೂ ಹೇಳಲಿಲ್ಲ. ಫ್ಯಾಮಿಕಾಮ್‌ನ 1ನೇ ಆಟ 64 ಕೆಬಿ. 2ನೇದು 128. 3ನೇದು 256 ಕೆಬಿ. ಇವತ್ತು ಮದುವೆ ಮನೆಯಿಂದ ವಾಟ್ಸ್ಯಾಪಲ್ಲಿ ಬರೋ ಒಂದು ಫೋಟೋದಷ್ಟು. ಅದರೊಳಗೆ ಎರಡು ಲೋಕ, ಹಗಲು-ರಾತ್ರಿ, ವೃತ್ತಿ ಬದಲಾವಣೆ, ಆರು ಆರ್ಬ್ (ಮಾಯದ ಗೋಲ), ಹಾರೋ ಹಕ್ಕಿ, ಎಲ್ಲಾ. ಕೋಯಿಚಿ ನಕಮುರಾ ಅವರ ಚುನ್‌ಸಾಫ್ಟ್ ತಂಡ ಕೊನೆಗೆ ಜಾಗ ಸಾಲದೆ ಟೈಟಲ್ ಪರದೆಯನ್ನೇ ಬಲಿ ಕೊಟ್ಟಿತು. ಜಪಾನಿನ ಮೂಲ ಕ್ಯಾಸೆಟ್ ಹಾಕಿದ್ರೆ ಕಪ್ಪು ಪರದೆ ಮೇಲೆ ಬರೀ ಹೆಸರು, ಸಂಗೀತವೂ ಇಲ್ಲ. ಅಷ್ಟು ಹೊತ್ತಿಗೇ ಪ್ರಸಿದ್ಧವಾಗಿದ್ದ, ಸಂಗೀತಗಾರ ಸುಗಿಯಾಮಾ ಅವರ ಓವರ್‌ಚರ್ (ಆರಂಭದ ರಾಗ) ಶುರುವಿನಲ್ಲಿ ಕೇಳಲ್ಲ!

ಇನ್ನೊಂದು. ಹೀರೊನ ಅಪ್ಪ ಓರ್ಟೆಗಾ ಇದ್ದಾನಲ್ಲ, ಆಟದುದ್ದಕ್ಕೂ ಎಲ್ಲರೂ ಹೊಗಳೋ ಮಹಾವೀರ, ಕೊನೆಗೆ ಝೋಮಾನ ಕೋಟೆಯಲ್ಲಿ ಹೈಡ್ರಾ ಜೊತೆ ಹೋರಾಡ್ತಾ ಸಿಗ್ತಾನೆ. ಫ್ಯಾಮಿಕಾಮ್‌ನಲ್ಲಿ ಅವನಿಗೆ ಸ್ವಂತ ಚಿತ್ರವೇ ಇಲ್ಲ. ಮುಸುಕು ಹಾಕಿದ, ಚಡ್ಡಿ ಮಾತ್ರ ಉಟ್ಟ ಕಳ್ಳ ಕಂದಾತಾನ ಚಿತ್ರವನ್ನೇ ಅಲ್ಲಿ ನಿಲ್ಲಿಸಿದ್ದಾರೆ. ಅಪ್ಪ ಸಾಯ್ತಿದ್ದಾನೆ, ಅಳಬೇಕು, ಎದುರಿಗೆ ಚಡ್ಡಿ ಕಳ್ಳ. 1996ರ ಡಿಸೆಂಬರ್ 6ಕ್ಕೆ ಸೂಪರ್ ಫ್ಯಾಮಿಕಾಮ್ ರೀಮೇಕ್ ಬಂದಾಗ ಪಾಪ ಅವನಿಗೊಂದು ಮರ್ಯಾದೆಯ ವೇಷ ಸಿಕ್ತು.

ಗದಗ_ಗೋಲೆಮ್

ಚಡ್ಡಿ ಇರ್ಲಿ, ಏನರ ಇರ್ಲಿ, ಆ ಮಾತು ಮಾತ್ರ ಎದಿಗೆ ನಾಟ್ತದ. ಅಂವಗ ಕಣ್ಣ ಕಾಣಂಗಿಲ್ಲ, ಕಿವಿ ಕೇಳಂಗಿಲ್ಲ. ಎದುರಿಗೆ ನಿಂತಾಕಿ ಇಲ್ಲಾ ನಿಂತಾಂವ ತನ್ನ ಮಗು ಅಂತ ಗೊತ್ತಾಗಂಗಿಲ್ಲ. ಯಾರೋ ದಾರಿಹೋಕರು ಅಂತ ತಿಳ್ಕೊಂಡು, "ಆಲಿಯಾಹಾನ್‌ದಾಗ ನನ್ನ ಮಗು ಐತಿ, ಜಗತ್ತಿಗೆ ಶಾಂತಿ ತರಾಕ ಆಗ್ಲಿಲ್ಲ, ಕ್ಷಮಿಸು ಅಂತ ಹೇಳ್ರಿ" ಅನ್ನೋ ಅರ್ಥದಾಗ ಹೇಳಿ ಸಾಯ್ತಾನ. ನೀವು ಆಟದಾಗ ಏನೂ ಮಾಡಾಕ ಬರಂಗಿಲ್ಲ. ಬಟನ್ ಒತ್ತೋದು, ಓದೋದು, ಅಷ್ಟ.

ನನ್ನ ತಕರಾರು ಇಲ್ಲೇ ಐತಿ ನೋಡ್ರಿ. ಹೊಸಾ ರೀಮೇಕಿನ್ಯಾಗ ಓರ್ಟೆಗಾನ ಪ್ರಯಾಣದ ದೃಶ್ಯಗಳನ್ನ ನಡುನಡುವ ಸೇರ್ಸ್ಯಾರ. ಅಂವ ಎಲ್ಲಿ ಹೋದ, ಯಾರಿಗೆ ಸಿಕ್ಕ, ಎಲ್ಲಾ ತೋರ್ಸ್ತಾರ. ಒಂದೊಂದು ದೃಶ್ಯ ಚಂದ ಅದಾವ. ಆದ್ರ ಮೊದಲಿನ ಆಟದಾಗ ಅಪ್ಪ ಅಂದ್ರ ಬರೇ ಊರ ಮಂದಿ ಬಾಯಾಗಿನ ಸುದ್ದಿ. ಆ ಸುದ್ದಿ ಒಮ್ಮೆಲೇ ರಕ್ತಮಾಂಸ ಆಗಿ ಕಣ್ಮುಂದ ಬಂದು, ಗುರುತು ಹಿಡೀಲಾರ್ದ ಹೋಗಿಬಿಡ್ತದ. ಮೊದಲ ಎಲ್ಲಾ ತೋರ್ಸಿದ್ರ ಆ ಪೆಟ್ಟು ಎಲ್ಲಿ ಉಳೀತು?

ಮೆಣಸಿನ_ಬಳ್ಳಿ

ಯಂಗೆ ಹಾಗೆ ಅನಿಸಿದ್ದಿಲ್ಲೆ. ಹಳೇದರಲ್ಲಿ ಓರ್ಟೆಗಾ ಸತ್ತಾಗ "ಅಯ್ಯೋ" ಅನಿಸಿತ್ತು, ರೀಮೇಕಲ್ಲಿ ಕಣ್ಣಲ್ಲಿ ನೀರು ಬಂತು. ಮುಖ ನೋಡಿದವರು ಸತ್ತರೆ ಆಗುವ ಸಂಕಟವೇ ಬೇರೆ. ಸೂಪರ್ ಫ್ಯಾಮಿಕಾಮ್ ಆವೃತ್ತಿಯಲ್ಲಿ ಆಟ ಮುಗಿದ ಮೇಲೆ ದಿವ್ಯ ಡ್ರ್ಯಾಗನ್ನನ್ನ ಬೇಗ ಸೋಲಿಸಿದರೆ ವರ ಕೇಳಿ ಅಪ್ಪನನ್ನ ಬದುಕಿಸಬಹುದಿತ್ತಲಿ? ನಿಜವಾಗಿ ಪೆಟ್ಟನ್ನ ಮೆತ್ತಗೆ ಮಾಡಿದ್ದು ಅದು. ಎಲ್ಲಾ ದೂರನ್ನೂ 2024ರ ತಲೆಗೆ ಕಟ್ಟಡಿ.

ಡೇಟಾ_ಮಂಗಳಾರತಿ

ಸರಿಯಾದ ಮಾತು. "ರೀಮೇಕ್" ಅಂದ್ರೆ ಹೊಸದು ಮಾತ್ರ ಅಲ್ಲ. 1996ರದ್ದು ಹೊಸ ವೃತ್ತಿ ಕಳ್ಳ, ಸ್ವಭಾವ ಪರೀಕ್ಷೆ, ದಾಳ ಉರುಳಿಸೋ ಪಗಡೆಯಂಥ ಆಟ, ಪುಟಾಣಿ ಪದಕ ಎಲ್ಲಾ ತಂತು. 2000ದಲ್ಲಿ ಗೇಮ್ ಬಾಯ್ ಕಲರ್ ಅದನ್ನೇ ಚಿಕ್ಕ ಪರದೆಗೆ ಇಳಿಸಿ ಇನ್ನೊಂದು ಗುಹೆ ಸೇರಿಸಿತು. 2014ರ ಫೋನ್ ಆವೃತ್ತಿ, ಅದರಿಂದ ಬಂದ 2019ರ ಸ್ವಿಚ್ ಆವೃತ್ತಿ ದಾಳದ ಆಟವನ್ನ ಕಿತ್ತುಹಾಕಿದವು. 2024ರಲ್ಲಿ ಮಾನ್‌ಸ್ಟರ್ ವ್ರ್ಯಾಂಗ್ಲರ್ ಅನ್ನೋ ಹೊಸ ವೃತ್ತಿಯವನು ಬಂದ. ಪ್ರತಿ ಸಲ ಒಂದು ಕೊಟ್ಟು ಒಂದು ಕಸಿದುಕೊಂಡಿದ್ದಾರೆ.

ಮಕ್ಕಳಿಂದ ಕಸಿದುಕೊಳ್ಳೋ ವಿಷಯಕ್ಕೆ ಬಂದ್ರೆ ಮೂಲ ಆಟವೇ ಎತ್ತಿದ ಕೈ. ಸರಣಿಯಲ್ಲಿ ಬ್ಯಾಟರಿ ಸೇವ್ ಬಂದಿದ್ದು 3ರಲ್ಲಿ. 2ರಲ್ಲಿ 52 ಅಕ್ಷರದವರೆಗಿನ ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದುಕೊಂಡು ಬೆರಳು ಸವೆಸಿದ್ದ ಮಕ್ಕಳಿಗೆ ಸ್ವರ್ಗ. ಆದ್ರೆ ರಿಸೆಟ್ ಒತ್ತಿ ಹಿಡ್ಕೊಂಡೇ ಪವರ್ ಆಫ್ ಮಾಡಬೇಕಿತ್ತು. ಮರೆತ್ರೆ, ಅಮ್ಮ ಗುಡಿಸುವಾಗ ಪೆಟ್ಟಿಗೆಗೆ ಕಾಲು ತಗುಲಿದ್ರೆ, ಮುಂದಿನ ಸಲ ಕಪ್ಪು ಪರದೆ, ಶಾಪ ತಗುಲಿದಾಗ ಬರೋ ಆ ದರಿದ್ರ ಸಂಗೀತ, "ಪಾಪ, ನಿಮ್ಮ ಸಾಹಸದ ಪುಸ್ತಕ ಅಳಿಸಿಹೋಯ್ತು" ಅನ್ನೋ ಸಂದೇಶ. ನಮ್ಮಲ್ಲಿ 90ರ ದಶಕದಲ್ಲಿ ಸಿಗ್ತಿದ್ದ ಟಿವಿ ಗೇಮ್ ಪೆಟ್ಟಿಗೆಗಳೂ ಫ್ಯಾಮಿಕಾಮ್‌ನ ನಕಲೇ, ಆದ್ರೆ ಅದರಲ್ಲಿ ಕಾಂಟ್ರಾ, ಮಾರಿಯೋ ಆಡಿದ ನಮಗೆ ಸೇವ್ ಅನ್ನೋದೇ ಗೊತ್ತಿರಲಿಲ್ಲ. ಕರೆಂಟ್ ಹೋದ್ರೆ ಮೊದಲಿಂದ ಶುರು, ಅಷ್ಟೇ.

ಹಳೇಕ್ಯಾಸೆಟ್

ವ್ರ್ಯಾಂಗ್ಲರ್ ಹೆಸರು ಎತ್ತಿದ್ರಲ್ಲ. ನನ್ನ ನಿಜವಾದ ಸಿಟ್ಟು ಇರೋದು ಅವನ ಮೇಲೆ. ಅಲ್ಲಲ್ಲಿ ಅಡಗಿರೋ ಸ್ನೇಹದ ಪ್ರಾಣಿಗಳನ್ನ ಹುಡುಕಿ ಸೇರಿಸಿಕೊಂಡಷ್ಟೂ ಅವನ ಏಟಿಗೆ ಬಲ. ಜೊತೆಗೆ ಒಂದೇ ಸರದಿಯಲ್ಲಿ ಎರಡು ಸಲ ಹೊಡೆಸೋ ಸ್ಕಿಲ್. ಅರ್ಧ ಆಟದ ಹೊತ್ತಿಗೆ ಯೋಧ, ಮಾಂತ್ರಿಕ ಎಲ್ಲಾ ಅವನ ಹಿಂದೆ ಚೀಲ ಹೊರೋಕೆ ಲಾಯಕ್ಕು. ಬಾಸ್‌ಗಳು ಎರಡೆರಡು ಸಲ ಹೊಡೆಯೋ ಹಾಗೆ ಮಾಡಿ ಸರಿದೂಗಿಸೋಕೆ ನೋಡಿದ್ದಾರೆ. ಪರಿಣಾಮ? ವ್ರ್ಯಾಂಗ್ಲರ್ ಇಟ್ಟುಕೊಂಡವನಿಗೆ ಆಟ ಸಲೀಸು, ಇಲ್ಲದವನಿಗೆ ಪ್ರಾಣಸಂಕಟ.

ಹೋರಿ ಮೂಲದಲ್ಲಿ ಮಾಡಿದ ತೂಕ ಎಂಥಾ ಸೊಗಸಿನದು ನೋಡಿ. 20ನೇ ಲೆವೆಲ್‌ಗೆ ವೃತ್ತಿ ಬದಲಿಸಬಹುದು. ಕಲಿತ ಮಂತ್ರ ಉಳಿಯುತ್ತೆ, ಆದ್ರೆ ಲೆವೆಲ್ 1ಕ್ಕೆ ಬೀಳುತ್ತೆ, ಬಲವೆಲ್ಲ ಅರ್ಧ. ಸೇಜ್ (ಜ್ಞಾನಿ) ಆಗಬೇಕಂದ್ರೆ ಅಪರೂಪದ ಒಂದು ಪುಸ್ತಕ ಬೇಕು. ಅದಿಲ್ಲದೆ ಸೇಜ್ ಆಗೋನು ಲೋಕದಲ್ಲಿ ಒಬ್ಬನೇ: ಗ್ಯಾಡಬೌಟ್. ಯುದ್ಧದ ಮಧ್ಯೆ ಹೊಡಿ ಅಂದ್ರೆ ಜೋಕ್ ಹೇಳೋನು, ಬಾಯಿಗೆ ಬಂದದ್ದು ಕಿರುಚೋನು. ಆ ತಲೆಹರಟೆಯನ್ನ ಇಪ್ಪತ್ತು ಲೆವೆಲ್ ಸಹಿಸ್ಕೊಂಡ್ರೆ ಅವನು ನೇರ ಜ್ಞಾನಿ!

ಬೆಣ್ಣೆದೋಸೆ64

ವ್ರ್ಯಾಂಗ್ಲರ್ ಬೇಡ ಅಂದ್ರೆ ಇಟ್ಟುಕೊಳ್ಳಬೇಡಿ ಅಣ್ಣಾ, ಯಾರಾದ್ರೂ ಬಲವಂತ ಮಾಡಿದ್ರಾ? ಮೂರು ಕಷ್ಟದ ಮಟ್ಟ ಬೇರೆ ಕೊಟ್ಟಿದ್ದಾರೆ. ಸುಲಭದ ಡ್ರಾಕಿ ಕ್ವೆಸ್ಟ್ ಆರಿಸಿದ್ರೆ ಸಾಯೋದೇ ಇಲ್ಲ. ನಮ್ಮ ಎಂಟು ವರ್ಷದ ಅಳಿಯ ಅದರಲ್ಲೇ ಆಡಿ ಬರಾಮೋಸ್‌ವರೆಗೆ ಬಂದ. ವ್ಯಾಪಾರಿ ಊರಿನ ಭಾಗಕ್ಕೆ ಬಂದಾಗ ಮಾತ್ರ ಅವನು ಆಡೋದು ನಿಲ್ಲಿಸಿದ್ದ.

ಗದಗ_ಗೋಲೆಮ್

ಯಾಕ? ಅಲ್ಲೇನು ಕಷ್ಟ?

ಬೆಣ್ಣೆದೋಸೆ64

ಕಷ್ಟ ಅಲ್ಲ ಸರ್. ಖಾಲಿ ಬಯಲಲ್ಲಿ ಒಬ್ಬ ಮುದುಕ ಊರು ಕಟ್ಟೋಕೆ ವ್ಯಾಪಾರಿ ಬೇಕು ಅಂತ ಕೇಳ್ತಾನಲ್ಲ. ಇವನು ಮರ್ಚೆಂಟ್‌ಗೆ ತನ್ನ ಕ್ಲಾಸ್‌ಮೇಟ್ ಹೆಸರಿಟ್ಟು ಅಲ್ಲಿ ಬಿಟ್ಟು ಬಂದ. ಪ್ರತಿ ಸಲ ಹೋದಾಗ ಅಂಗಡಿ ಬಂತು, ಮನೆ ಬಂತು, ನಾಟಕದ ಮನೆ ಬಂತು, ಖುಷಿಯೋ ಖುಷಿ. ಕೊನೆಗೆ ಹೋದ್ರೆ ಊರಿನವರೇ ದಂಗೆ ಎದ್ದು ಅವನನ್ನ ಜೈಲಿಗೆ ಹಾಕಿದ್ದಾರೆ. ಹಳದಿ ಆರ್ಬ್ ತನ್ನ ಕುರ್ಚಿ ಹಿಂದೆ ಇದೆ ಅಂತ ಕಂಬಿ ಹಿಂದಿನಿಂದ ಹೇಳ್ತಾನೆ. ನಮ್ಮ ಹುಡುಗ ಆರ್ಬ್ ತಗೊಳ್ಳೋಕೇ ಒಪ್ಪಲಿಲ್ಲ, ಮೊದಲು ಇವನನ್ನ ಬಿಡಿಸು ಅಂತ ಹಠ. ಎರಡು ದಿನ ಆಟ ಬಂದ್. 1988ರಲ್ಲಿ ಬರೆದ ಈ ಭಾಗವನ್ನ ರೀಮೇಕ್ ಕೆಡಿಸದೆ ಬಿಟ್ಟಿದೆ ಅನ್ನೋದಕ್ಕೆ ನನಗೆ ಇಷ್ಟು ಸಾಕು.

ಟೋಕಿಯೋ_ತಿಂಡಿಪೋತ

ಸಂಗೀತದ ಬಗ್ಗೆ ಯಾರೂ ವಿವರವಾಗಿ ಬರೀಲಿಲ್ಲ, ನಾನೊಂದು ಸಾಲು ಹಾಕ್ತೀನಿ. ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ, 2021ರ ಜುಲೈ 23, ತಂಡಗಳ ಮೆರವಣಿಗೆ ಶುರುವಾಗಿದ್ದೇ ಡ್ರ್ಯಾಗನ್ ಕ್ವೆಸ್ಟ್ ಓವರ್‌ಚರ್‌ನಿಂದ. ಸುಗಿಯಾಮಾ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ರಾಕ್ಷಸರನ್ನೂ ಸ್ಲೈಮನ್ನೂ ಬರೆದ ಅಕಿರಾ ತೊರಿಯಾಮಾ 2024ರ ಮಾರ್ಚ್ 1ಕ್ಕೆ ಹೋದರು, ರೀಮೇಕ್ ಬರೋದನ್ನ ನೋಡಲಿಲ್ಲ. ಕಥೆ, ಸಂಗೀತ, ಚಿತ್ರ ಕೊಟ್ಟ ಈ ಮೂವರಲ್ಲಿ ಈಗ ಉಳಿದಿರೋದು ಹೋರಿ ಒಬ್ಬರೇ. ರೀಮೇಕಲ್ಲಿ ಕೇಳೋದು ಟೋಕಿಯೋ ಮೆಟ್ರೊಪಾಲಿಟನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ್ದು. ಹೆಡ್‌ಫೋನ್ ಹಾಕ್ಕೊಂಡೇ ಆಡಿ.

ಸ್ಲೈಮ್_ಸಾಗರ

ನಿರ್ವಾಹಕರ ಗೆರೆ ನೋಡಿದ ಕೂಡಲೇ ಕಣ್ಣು ಮುಚ್ಚಿ ಸ್ಕ್ರೋಲ್ ಮಾಡ್ಕೊಂಡು ಕೆಳಗೆ ಬಂದೆ. "ಚಡ್ಡಿ ಕಳ್ಳ" ಅನ್ನೋ ಎರಡು ಪದ ಮಾತ್ರ ಕಣ್ಣಿಗೆ ಬಿತ್ತು, ಏನು ಎತ್ತ ಅಂತ ಗೊತ್ತಿಲ್ಲ, ಹೇಳಲೂ ಬೇಡಿ.

ತೀರ್ಮಾನ: ಫೋನ್‌ಗೆ 1 ಹಾಕಿಸಿಕೊಂಡಿದ್ದೀನಿ, ಈ ವಾರಾಂತ್ಯಕ್ಕೆ ಅದು. ಸೋಮವಾರದಿಂದ 3ರ ರೀಮೇಕ್, ಮಧ್ಯದ ಕಷ್ಟದ ಮಟ್ಟ, ದಾರಿ ಗುರುತು ಆಫ್. ಪಾರ್ಟಿ ಹೀಗೆ ಅಂದ್ಕೊಂಡಿದ್ದೀನಿ: ಹೀರೊ, ವಾರಿಯರ್, ಪ್ರೀಸ್ಟ್, ಮೇಜ್. ಸರಿ ಇದೆಯಾ?

ಹಳೇಕ್ಯಾಸೆಟ್

ಕ್ರಮ ಸರಿ, ಪಾರ್ಟಿ ಸಪ್ಪೆ. ಮೇಜ್ ಜಾಗಕ್ಕೆ ಗ್ಯಾಡಬೌಟ್ ಹಾಕಿ.

ಬೆಣ್ಣೆದೋಸೆ64

ವಾರಿಯರ್ ಜಾಗಕ್ಕೆ ವ್ರ್ಯಾಂಗ್ಲರ್ ಹಾಕಿ.

ಮೆಣಸಿನ_ಬಳ್ಳಿ

ಇವರಿಬ್ಬರ ಮಾತು ಕೇಳಡಿ, ಅದೇ ಪಾರ್ಟಿ ಇಟ್ಕಳಿ. ಮೆಣಸು ಸಿಕ್ಕ ದಿನ ಇಲ್ಲಿ ಬಂದು ಹೇಳಿ.